ಸಣ್ಣ ಪಟ್ಟಣಕ್ಕೊಂದು ಹವಾಮಾನ ಕ್ರಿಯಾ ಯೋಜನೆ: ಊರಿನವರೇ ಲೆಕ್ಕ ತೆಗೆದು, ಊರಿನವರೇ ನಡೆಸುವ ಬಗೆ

ಹವಾಮಾನ ಕ್ರಿಯಾ ಯೋಜನೆ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಬಿಸಿಲು, ನೆರೆ, ನೀರಿನ ಅಭಾವ ಹೆಚ್ಚಿದಾಗ ಊರು ಹೇಗೆ ತಡೆದುಕೊಳ್ಳುತ್ತದೆ? ಊರಿನಿಂದ ಹೊರಬೀಳುವ, ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲವನ್ನು ಹೇಗೆ, ಯಾವಾಗ, ಎಷ್ಟು ಇಳಿಸುತ್ತೇವೆ? ದೊಡ್ಡ ನಗರಗಳು ಸಲಹಾ ಸಂಸ್ಥೆಗಳಿಂದ ನೂರಾರು ಪುಟ ಬರೆಸುತ್ತವೆ. ಹತ್ತಿಪ್ಪತ್ತು ಸಾವಿರ ಜನರ ಪಟ್ಟಣಕ್ಕೆ ಅಷ್ಟು ದುಡ್ಡಿರುವುದಿಲ್ಲ, ಅದರ ಅಗತ್ಯವೂ ಇಲ್ಲ. ಯಾವ ಮೋರಿ ಮೊದಲು ಉಕ್ಕುತ್ತದೆ, ಯಾವ ಪಂಪ್ ವರ್ಷಕ್ಕೆ ಮೂರು ಸಲ ಸುಡುತ್ತದೆ ಎಂದು ಬಲ್ಲವರು ಊರಲ್ಲೇ ಇದ್ದಾರೆ.

ಇಲ್ಲಿ ಹೇಳುವ ಕ್ರಮಕ್ಕೆ ಸುಮಾರು ಹನ್ನೆರಡು ತಿಂಗಳು ಬೇಕು. ಅದರ ಹಿಂದಿರುವ ನಂಬಿಕೆ ಒಂದೇ: ಅಂಕಿಗಳನ್ನು ಊರಿನವರೇ ಅಳೆದು ಬರೆದುಕೊಂಡರೆ ಯೋಜನೆ ಬದುಕುತ್ತದೆ. ಹೊರಗಿನವರು ತಂದುಕೊಟ್ಟ ಅಂಕಿಯನ್ನು ಎರಡನೇ ವರ್ಷ ಯಾರೂ ತಿದ್ದುವುದಿಲ್ಲ, ಏಕೆಂದರೆ ಅದು ಬಂದ ದಾರಿ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಠರಾವು, ಆಮೇಲೆ ತಂಡ

ಸ್ಥಳೀಯ ಆಡಳಿತದಿಂದ ಒಂದು ಪುಟದ ಠರಾವು ಪಡೆಯುವುದು ಮೊದಲ ಕೆಲಸ. ಅದರಲ್ಲಿ ಮೂರು ಮಾತು ಇದ್ದರೆ ಸಾಕು: ಕಳೆದ ಮೂರು ವರ್ಷದ ವಿದ್ಯುತ್ ಬಿಲ್, ಇಂಧನದ ಲೆಕ್ಕ, ಕಸದ ವಾಹನದ ದಾಖಲೆಗಳನ್ನು ತಂಡಕ್ಕೆ ನೋಡಲು ಕೊಡುವುದು, ಒಬ್ಬ ಸಿಬ್ಬಂದಿಯನ್ನು ಹೆಸರಿಸಿ ಜೊತೆಗೆ ನೀಡುವುದು, ಕರಡು ಬಂದ ಮೇಲೆ ಇಂತಿಷ್ಟು ದಿನದಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಆರಂಭಿಸಿದ ಕೆಲಸ ಅಧಿಕಾರಿ ವರ್ಗವಾದ ದಿನವೇ ನಿಲ್ಲುತ್ತದೆ.

ಕಾರ್ಯತಂಡದಲ್ಲಿ ಒಂಬತ್ತರಿಂದ ಹನ್ನೊಂದು ಜನ ಇರಲಿ. ಹದಿನೈದು ದಾಟಿದರೆ ಸಭೆ ನಡೆಯುತ್ತದೆ, ಕೆಲಸ ನಡೆಯುವುದಿಲ್ಲ. ಜನರನ್ನು ಆರಿಸುವಾಗ ಸ್ಥಾನಮಾನಕ್ಕಿಂತ ತಿಳಿವಳಿಕೆಗೆ ಬೆಲೆ ಕೊಡಿ. ನೀರುಗಂಟಿ ಒಬ್ಬರು, ಪೌರಕಾರ್ಮಿಕರಲ್ಲಿ ಒಬ್ಬರು, ಪಂಪ್ ಅಥವಾ ವಿದ್ಯುತ್ ರಿಪೇರಿ ಬಲ್ಲವರು, ಆರೋಗ್ಯ ಕೇಂದ್ರದ ದಾದಿ, ಗಣಿತ ಅಥವಾ ವಿಜ್ಞಾನದ ಶಿಕ್ಷಕರು, ವ್ಯಾಪಾರಿ, ರೈತ, ಬಾಡಿಗೆ ಮನೆಯಲ್ಲಿರುವವರು, ಇಪ್ಪತ್ತೈದು ದಾಟದ ಇಬ್ಬರು. ಅರ್ಧದಷ್ಟು ಹೆಂಗಸರಿರಲಿ. ನೀರು ಬರದ ದಿನ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಕೊಡ ಹೊತ್ತವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಸಂಚಾಲಕ, ಲೆಕ್ಕದವರು, ದಾಖಲೆ ಬರೆಯುವವರು ಎಂಬ ಮೂರು ಹೊಣೆಗಳನ್ನು ಮೂರು ಬೇರೆ ಜನರಿಗೆ ಕೊಡಿ. ಮೂರೂ ಒಬ್ಬರ ಹೆಗಲಿಗೆ ಬಿದ್ದರೆ ಅವರಿಗೆ ಜ್ವರ ಬಂದ ವಾರ ಇಡೀ ತಂಡ ಮಲಗುತ್ತದೆ.

ಅನಿಲದ ಲೆಕ್ಕ

ನಗರಗಳ ಹಸಿರುಮನೆ ಅನಿಲದ ಲೆಕ್ಕಕ್ಕೆ 2014ರಲ್ಲಿ ಪ್ರಕಟವಾದ ಜಾಗತಿಕ ಶಿಷ್ಟ ವಿಧಾನವೊಂದಿದೆ. ಅದು ಲೆಕ್ಕವನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ: ಊರಿನ ಗಡಿಯೊಳಗೇ ಉರಿದ ಇಂಧನ ಮತ್ತು ಗಡಿಯೊಳಗೇ ಕೊಳೆತ ಕಸ ಮೊದಲನೆಯದು, ಜಾಲದಿಂದ ಬಂದ ವಿದ್ಯುತ್ ಎರಡನೆಯದು, ಊರಿನ ಕಾರಣಕ್ಕೆ ಗಡಿಯಾಚೆ ಆಗುವುದು ಮೂರನೆಯದು. ಸಣ್ಣ ಪಟ್ಟಣ ಮೊದಲ ವರ್ಷ ಕಟ್ಟಡಗಳ ಶಕ್ತಿ, ಸಾರಿಗೆ, ತ್ಯಾಜ್ಯ ಈ ಮೂರನ್ನು ಹಿಡಿದರೆ ಸಾಕು. ಜನ ಕೊಳ್ಳುವ ಪ್ರತಿ ಸಾಮಾನಿನ ಹಿಂದಿನ ಇಂಗಾಲವನ್ನೂ ಹುಡುಕಲು ಹೊರಟರೆ ವರ್ಷ ಮುಗಿಯುತ್ತದೆ, ಲೆಕ್ಕ ಮುಗಿಯುವುದಿಲ್ಲ.

ಒಂದು ದಪ್ಪ ರಿಜಿಸ್ಟರ್ ತೆಗೆದುಕೊಳ್ಳಿ, ಕಂಪ್ಯೂಟರ್‌ನಲ್ಲಿ ಅದರ ಪ್ರತಿಯಿರಲಿ. ಕಾಲಂಗಳು ಆರು: ಮೂಲ, ತಿಂಗಳು, ಪ್ರಮಾಣ, ಅಳತೆಯ ಘಟಕ, ಅಂಕಿ ಕೊಟ್ಟವರು, ಅಳೆದದ್ದೋ ಅಂದಾಜೋ. ಕೊನೆಯ ಕಾಲಂ ಬಹಳ ಮುಖ್ಯ. ಅಂದಾಜನ್ನು ಅಂದಾಜು ಎಂದು ಬರೆದಿಟ್ಟರೆ ಮುಂದಿನ ವರ್ಷ ಅದನ್ನು ಸುಧಾರಿಸಬಹುದು. ಮುಚ್ಚಿಟ್ಟರೆ ಇಳಿಕೆ ನಿಜವೋ ಲೆಕ್ಕದ ಆಟವೋ ಯಾರಿಗೂ ತಿಳಿಯುವುದಿಲ್ಲ.

ಪ್ರಮಾಣವನ್ನು ಅನಿಲಕ್ಕೆ ಪರಿವರ್ತಿಸಲು ಗುಣಕಗಳು ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕಿಲೋ, ಒಂದು ಕಿಲೋ ಅಡುಗೆ ಅನಿಲಕ್ಕೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್. ಹಾಗಾಗಿ ಊರಿನ ವಾಹನಗಳು ವರ್ಷಕ್ಕೆ 1,00,000 ಲೀಟರ್ ಡೀಸೆಲ್ ಉರಿಸಿದರೆ 270 ಟನ್. ವಿದ್ಯುತ್ತಿನ ಗುಣಕ ದೇಶದಿಂದ ದೇಶಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಿಮ್ಮ ಜಾಲದ ಅಧಿಕೃತ ಅಂಕಿಯನ್ನೇ ಬಳಸಿ, ಯಾವ ವರ್ಷದ್ದೆಂದು ಪಕ್ಕದಲ್ಲಿ ಬರೆಯಿರಿ. ಸೌದೆಯಿಂದ ಬರುವ ಇಂಗಾಲವನ್ನು ಬೇರೆ ಸಾಲಿನಲ್ಲಿ ಇಡಿ. ಕಸದಿಂದ ಹೊರಡುವ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಲಶಾಲಿ. ಏರ್ ಕಂಡಿಷನರ್‌ಗಳಲ್ಲಿ ಬಳಕೆಯಾಗುವ ಆರ್-410ಎ ಅನಿಲ ಸುಮಾರು 2,000 ಪಟ್ಟು. ರಿಪೇರಿಯವರು ವರ್ಷಕ್ಕೆ ಎಷ್ಟು ಸಿಲಿಂಡರ್ ತುಂಬುತ್ತಾರೆ ಎಂದು ಕೇಳಲು ಮರೆಯಬೇಡಿ.

ಸಾರಿಗೆಯಲ್ಲಿ ಒಂದು ತೊಡಕು ಸದಾ ಬರುತ್ತದೆ. ಬಂಕ್‌ಗಳಲ್ಲಿ ಮಾರಾಟವಾದ ಇಂಧನವೆಲ್ಲ ಊರಿನದೇ ಎಂದು ಹಿಡಿದರೆ, ಹೆದ್ದಾರಿ ಪಕ್ಕದ ಪಟ್ಟಣದ ಲೆಕ್ಕ ವಿಪರೀತ ಉಬ್ಬುತ್ತದೆ. ಪರಿಹಾರಕ್ಕೆ ಮನೆಗಳ ಸಮೀಕ್ಷೆ ಮಾಡಿ. 5,000 ಮನೆಗಳಿರುವ ಊರಿನಲ್ಲಿ ಪ್ರತಿ 25ನೇ ಮನೆಗೆ ಹೋದರೆ 200 ಮನೆ ಸಿಗುತ್ತವೆ. ‘ಸ್ಕೂಟರ್ ಇದೆಯೇ’ ಎಂಬಂಥ ಹೌದು–ಇಲ್ಲ ಪ್ರಶ್ನೆಗಳಿಗೆ ಆ 200 ಮನೆಗಳ ಉತ್ತರ ಇಡೀ ಊರಿನ ಸ್ಥಿತಿಗೆ ಹೆಚ್ಚೂಕಡಿಮೆ 7 ಪ್ರತಿಶತದ ಒಳಗೆ ಹೊಂದುತ್ತದೆ. 100 ಮನೆಗೆ ಇಳಿದರೆ ಅದು 10 ಪ್ರತಿಶತದ ಹತ್ತಿರ ಹೋಗುತ್ತದೆ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗದೆ ಬೇರೆ ಹೊತ್ತಿನಲ್ಲಿ ಮತ್ತೆ ಬನ್ನಿ. ಹಗಲು ಬಾಗಿಲು ತೆರೆದಿರುವ ಮನೆಗಳನ್ನಷ್ಟೇ ಎಣಿಸಿದರೆ ಕೂಲಿಗೆ ಹೋಗುವವರೆಲ್ಲ ಲೆಕ್ಕದಿಂದ ಜಾರಿಹೋಗುತ್ತಾರೆ. ಇಂಗ್ಲೆಂಡಿನ ಆಷ್ಟನ್ ಹೇಯ್ಸ್ ಎಂಬ ಸುಮಾರು ಸಾವಿರ ಜನರ ಹಳ್ಳಿ 2006ರಲ್ಲಿ ಇಂಗಾಲಮುಕ್ತವಾಗಲು ಹೊರಟಾಗ ಹತ್ತಿರದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮನೆ ಮನೆಗೆ ಹೋಗಿ ಲೆಕ್ಕ ತೆಗೆಯಲು ನೆರವಾದರು. ಕಾಲೇಜು ಹತ್ತಿರವಿದ್ದರೆ ಆ ದಾರಿ ಒಳ್ಳೆಯದು.

ಕಸವನ್ನು ಏಳು ದಿನ ಸತತವಾಗಿ ತೂಗಿ. ಪ್ರತಿದಿನ ಒಂದು ಗಾಡಿಯಿಂದ ಸುಮಾರು 100 ಕಿಲೋ ಸುರಿದು, ಹಸಿ, ಕಾಗದ, ಪ್ಲಾಸ್ಟಿಕ್, ಬಟ್ಟೆ, ಗಾಜು–ಲೋಹ, ಉಳಿದದ್ದು ಎಂದು ಬೇರ್ಪಡಿಸಿ ಮತ್ತೆ ತೂಗಿ. ಮಳೆಗಾಲದಲ್ಲಿ ಒಮ್ಮೆ, ಒಣಗಾಲದಲ್ಲಿ ಒಮ್ಮೆ. ಒದ್ದೆ ಕಸ ತೂಕದಲ್ಲಿ ಮೋಸ ಮಾಡುತ್ತದೆ.

ಪಂಪ್‌ಹೌಸ್‌ನಲ್ಲಿ ಒಂದು ಗಂಟೆ

ಬಹಳಷ್ಟು ಸಣ್ಣ ಪಟ್ಟಣಗಳ ಆಡಳಿತ ಕಟ್ಟುವ ವಿದ್ಯುತ್ ಬಿಲ್‌ನಲ್ಲಿ ದೊಡ್ಡ ಪಾಲು ನೀರೆತ್ತುವುದಕ್ಕೆ ಹೋಗುತ್ತದೆ, ಅದರ ಹಿಂದೆ ಬೀದಿದೀಪ. ಸಭೆಗಳಲ್ಲಿ ಸೌರಫಲಕದ ಮಾತು ನಡೆಯುತ್ತಿರುವಾಗ ಪಂಪ್ ಸುಮ್ಮನೆ ವಿದ್ಯುತ್ ನುಂಗುತ್ತಿರುತ್ತದೆ. ಅದನ್ನು ಪರೀಕ್ಷಿಸಲು ಪರಿಣತರೇ ಬರಬೇಕೆಂದಿಲ್ಲ. ಬೇಕಾದದ್ದು ಗಡಿಯಾರ, ಅಳತೆಪಟ್ಟಿ, ಪಂಪ್‌ನ ವಿದ್ಯುತ್ ಮೀಟರ್, ಕೊಳವೆಯ ಮೇಲಿನ ಒತ್ತಡದ ಗೇಜ್.

ಮೇಲ್ತೊಟ್ಟಿಯಿಂದ ಊರಿಗೆ ಹೋಗುವ ವಾಲ್ವ್ ಪೂರ್ತಿ ಮುಚ್ಚಿ. ತೊಟ್ಟಿಯಲ್ಲಿ ನೀರಿನ ಮಟ್ಟ ಎಲ್ಲಿದೆ ಎಂದು ಗುರುತು ಹಾಕಿ. ವಿದ್ಯುತ್ ಮೀಟರ್ ಓದಿ. ಪಂಪ್ ಸರಿಯಾಗಿ ಒಂದು ಗಂಟೆ ಓಡಲಿ. ಮತ್ತೆ ಎರಡನ್ನೂ ಓದಿ. ತೊಟ್ಟಿ ದುಂಡಗಿದ್ದು ಒಳವ್ಯಾಸ 12 ಮೀಟರ್ ಇದ್ದರೆ ತಳದ ವಿಸ್ತೀರ್ಣ 113 ಚದರ ಮೀಟರ್. ನೀರು 80 ಸೆಂಟಿಮೀಟರ್ ಏರಿದ್ದರೆ ಬಂದದ್ದು ಸುಮಾರು 90 ಘನ ಮೀಟರ್. ಗೇಜ್ ಚದರ ಸೆಂಟಿಮೀಟರ್‌ಗೆ 5.5 ಕಿಲೋ ತೋರಿಸಿದರೆ ಅದು ಸುಮಾರು 55 ಮೀಟರ್ ಎತ್ತರಕ್ಕೆ ಸಮ. ಗೇಜ್‌ನಿಂದ ಬಾವಿ ಅಥವಾ ಸಂಪಿನ ನೀರಿನ ಮಟ್ಟಕ್ಕೆ ಇನ್ನು 5 ಮೀಟರ್ ಇದ್ದರೆ ಒಟ್ಟು 60 ಮೀಟರ್.

ಇನ್ನು ಸೂತ್ರ. ನೀರಿನ ಘನ ಮೀಟರ್ ಅನ್ನು ಎತ್ತರದ ಮೀಟರ್‌ನಿಂದ ಗುಣಿಸಿ, ಅದನ್ನು 0.002725ರಿಂದ ಗುಣಿಸಿದರೆ, ಏನೂ ನಷ್ಟವಿಲ್ಲದಿದ್ದರೆ ಬೇಕಾಗುತ್ತಿದ್ದ ವಿದ್ಯುತ್ತು ಯೂನಿಟ್‌ನಲ್ಲಿ ಸಿಗುತ್ತದೆ. 90 × 60 × 0.002725 ಎಂದರೆ 14.7 ಯೂನಿಟ್. ಮೀಟರ್ 37 ಯೂನಿಟ್ ಓಡಿದ್ದರೆ ಪಂಪು ಮೋಟಾರು ಸೇರಿದ ದಕ್ಷತೆ ಸುಮಾರು 40 ಪ್ರತಿಶತ. ಚೆನ್ನಾಗಿರುವ ಜೋಡಿ 60ರ ಆಸುಪಾಸು ಕೊಡಬೇಕು. 45ಕ್ಕಿಂತ ಕೆಳಗಿದ್ದರೆ ಏನೋ ಕೆಟ್ಟಿದೆ: ಇಂಪೆಲ್ಲರ್ (ಪಂಪ್‌ನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆದಿರಬಹುದು, ಫುಟ್‌ವಾಲ್ವ್‌ನ (ನೀರು ಹೀರುವ ಕೊಳವೆಯ ತುದಿಯ ವಾಲ್ವ್) ಜಾಲರಿ ಕಟ್ಟಿರಬಹುದು, ಹಲವು ಸಲ ವೈಂಡಿಂಗ್ ಮಾಡಿಸಿದ ಮೋಟಾರ್ ಇರಬಹುದು, ಅಥವಾ 90 ಮೀಟರ್‌ಗೆ ಮಾಡಿದ ಪಂಪನ್ನು 60 ಮೀಟರ್‌ಗೆ ಹಾಕಿ ವಾಲ್ವ್ ಅರ್ಧ ಮುಚ್ಚಿ ಓಡಿಸುತ್ತಿರಬಹುದು. ಕೊನೆಯದು ಎಷ್ಟು ಸಾಮಾನ್ಯವೆಂದರೆ ಮೊದಲು ಅದನ್ನೇ ನೋಡುವುದು ಒಳ್ಳೆಯದು.

ದಿನಕ್ಕೆ 3,000 ಘನ ಮೀಟರ್ ಎತ್ತುವ ಊರಿನಲ್ಲಿ ಇದೇ ದಕ್ಷತೆಯನ್ನು 40ರಿಂದ 60ಕ್ಕೆ ತಂದರೆ ದಿನಕ್ಕೆ ಸುಮಾರು 400 ಯೂನಿಟ್, ವರ್ಷಕ್ಕೆ ಒಂದೂವರೆ ಲಕ್ಷದಷ್ಟು ಉಳಿಯುತ್ತದೆ. ಹೀಗೆ ಉಳಿದ ಹಣವೇ ಮುಂದಿನ ಕೆಲಸಗಳಿಗೆ ಬೀಜ.

ಸೋರಿಕೆಯನ್ನು ರಾತ್ರಿ ಹಿಡಿಯಬೇಕು. ಕೊಳವೆಗಳಲ್ಲಿ ನೀರು ತುಂಬಿರುವ ಬಡಾವಣೆಯೊಂದನ್ನು ಆರಿಸಿ, ತೊಟ್ಟಿಗೆ ನೀರು ಬರುವುದನ್ನು ನಿಲ್ಲಿಸಿ, ರಾತ್ರಿ 2ರಿಂದ 4 ಗಂಟೆಯವರೆಗೆ ಮಟ್ಟ ಎಷ್ಟು ಇಳಿಯಿತೆಂದು ನೋಡಿ. ಊರು ಮಲಗಿರುವಾಗ 113 ಚದರ ಮೀಟರ್ ತೊಟ್ಟಿಯಲ್ಲಿ 15 ಸೆಂಟಿಮೀಟರ್ ಇಳಿದರೆ 17 ಘನ ಮೀಟರ್ ನೀರು ಎಲ್ಲಿಗೋ ಹೋಗಿದೆ. ಅದರಲ್ಲಿ ಒಂದಿಷ್ಟು ಮನೆಗಳ ತೊಟ್ಟಿ ಸೇರಿರಬಹುದು, ಬಹುಪಾಲು ಮಣ್ಣು ಸೇರಿದೆ. ಮೊದಲು ಸೋರಿಕೆ, ಆಮೇಲೆ ಪಂಪ್, ಕೊನೆಗೆ ಸೌರಶಕ್ತಿ. ಈ ಕ್ರಮ ತಿರುಗುಮುರುಗಾದರೆ ಸೋರುವ ನೀರನ್ನು ಎತ್ತಲು ಫಲಕ ಕೊಂಡಂತಾಗುತ್ತದೆ.

ಬೀದಿದೀಪದ ಲೆಕ್ಕ ಇದಕ್ಕಿಂತ ಸಲೀಸು. ಬ್ಯಾಲಾಸ್ಟ್ (ದೀಪಕ್ಕೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಸಾಧನ) ಸೇರಿ 170 ವ್ಯಾಟ್ ಎಳೆಯುವ 500 ಸೋಡಿಯಂ ದೀಪಗಳನ್ನು 60 ವ್ಯಾಟ್‌ನ ಎಲ್‌ಇಡಿಗೆ ಬದಲಿಸಿ, ರಾತ್ರಿಗೆ 12 ಗಂಟೆ ಉರಿಸಿದರೆ ವರ್ಷಕ್ಕೆ 2,40,900 ಯೂನಿಟ್ ಉಳಿತಾಯ. ಹಗಲೂ ಉರಿಯುವ ದೀಪಗಳನ್ನು ಆರಿಸಲು ಯಾವ ಯೋಜನೆಯೂ ಬೇಡ, ಅದನ್ನು ಈ ವಾರವೇ ಮಾಡಿ.

ಅಪಾಯದ ನಕ್ಷೆ

ನೆರೆ, ಬಿಸಿಲು, ನೀರಿನ ಅಭಾವ ಎಲ್ಲಿ ಯಾರನ್ನು ತಟ್ಟುತ್ತದೆ ಎಂಬುದನ್ನು ನೆಲದ ಮೇಲೆ ಕೂತು ಬಿಡಿಸಬೇಕು. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣ, ರಂಗೋಲಿ ಪುಡಿ, ಎಲೆ, ಕಲ್ಲು ಇಟ್ಟುಕೊಂಡು ಪ್ರತಿ ಬಡಾವಣೆಯ ಹತ್ತು ಹದಿನೈದು ಜನ ತಮ್ಮ ಬೀದಿ, ಮೋರಿ, ಕೆರೆ, ಬಾವಿ, ದೊಡ್ಡ ಮರಗಳನ್ನು ಹಾಕಲಿ. ಕಾಗದ ಮುಂದಿಟ್ಟರೆ ಪೆನ್ನು ಹಿಡಿದು ಅಭ್ಯಾಸ ಇರುವವರೇ ಬರೆಯುತ್ತಾರೆ, ಉಳಿದವರು ನೋಡುತ್ತಾ ನಿಲ್ಲುತ್ತಾರೆ. ನೆಲಕ್ಕೆ ಎಲ್ಲರೂ ಬಗ್ಗುತ್ತಾರೆ. ಮುಗಿದ ಮೇಲೆ ಫೋಟೋ ತೆಗೆದು ಹಾಳೆಗೆ ನಕಲಿಸಿ.

ಹಿರಿಯರೊಡನೆ ಕೂತು ಐವತ್ತು ವರ್ಷದ ಕಾಲರೇಖೆ ಮಾಡಿ. ಯಾವ ವರ್ಷ ನೀರು ನುಗ್ಗಿತು, ಯಾವ ಗೋಡೆಯ ಯಾವ ಎತ್ತರಕ್ಕೆ ಬಂತು, ಯಾವ ಬಾವಿ ಮೊದಲು ಬತ್ತಿತು. ಗೋಡೆಯ ಮೇಲೆ ಆ ಎತ್ತರಕ್ಕೆ ಬಣ್ಣದ ಗೆರೆ ಎಳೆದು ವರ್ಷ ಬರೆಯಿರಿ. ನೂರು ಪುಟದ ವರದಿಗಿಂತ ಸೊಂಟದೆತ್ತರದ ಆ ಗೆರೆ ಜನರಿಗೆ ಬೇಗ ಅರ್ಥವಾಗುತ್ತದೆ. ನೆನಪು ಕೆಲವೊಮ್ಮೆ ಎರಡು ಘಟನೆಗಳನ್ನು ಬೆಸೆದುಬಿಡುತ್ತದೆ. ಹಾಗಾಗಿ ಹತ್ತಿರದ ಮಳೆಮಾಪನ ಕೇಂದ್ರದ ದಾಖಲೆಯೊಡನೆ ತಾಳೆ ನೋಡಿ.

ನೆರೆಗೆ ಮಳೆಯಷ್ಟೇ ಕಾಂಕ್ರೀಟು ಸಹ ಕಾರಣ ಎಂದು ತೋರಿಸಲು ಈ ಲೆಕ್ಕ ಸಾಕು. ಗಂಟೆಗೆ 50 ಮಿಲಿಮೀಟರ್ ಮಳೆ ಒಂದು ಹೆಕ್ಟೇರ್ ಮೇಲೆ ಸುರಿದರೆ 500 ಘನ ಮೀಟರ್ ನೀರು. ನೆಲವೆಲ್ಲ ಕಾಂಕ್ರೀಟಾಗಿದ್ದರೆ ಅದರಲ್ಲಿ ಸುಮಾರು 450 ಘನ ಮೀಟರ್ ಹರಿದು ಹೋಗುತ್ತದೆ, ಅಂದರೆ ಸೆಕೆಂಡಿಗೆ 125 ಲೀಟರ್. ಹುಲ್ಲು, ಮರ, ಸಡಿಲ ಮಣ್ಣಿನ ನೆಲವಾದರೆ ಸುಮಾರು 150 ಘನ ಮೀಟರ್, ಸೆಕೆಂಡಿಗೆ 42 ಲೀಟರ್. ಮೋರಿ ಅದೇ, ಬರುವ ನೀರು ಮೂರು ಪಟ್ಟು. ಮೋರಿಯನ್ನು ಅಗಲಿಸುವ ಮೊದಲು ಮೇಲಿನ ಬಯಲನ್ನು, ಕೆರೆಯ ಕೋಡಿಯನ್ನು, ಖಾಲಿ ನಿವೇಶನಗಳನ್ನು ನೋಡಿ. ಮೇಲೆ ಮೋರಿ ಅಗಲಿಸಿ ಕೆಳಗೆ ಬಿಟ್ಟರೆ ನೆರೆ ಕೆಳಗಿನ ಕೇರಿಗೆ ಹೋಗುತ್ತದೆ. ಹೆಚ್ಚಾಗಿ ಅಲ್ಲಿರುವವರು ಬಡವರು.

ಬಿಸಿಲಿಗೆ ಹದಿನೈದು ದಿನದ ಅಳತೆ ಸಾಕು. ಬೇರೆ ಬೇರೆ ಬಗೆಯ ಹತ್ತು ಜಾಗಗಳಲ್ಲಿ ನೆಲದಿಂದ 1.5 ಮೀಟರ್ ಎತ್ತರದಲ್ಲಿ, ನೆರಳಲ್ಲಿ, ಗೋಡೆಗೆ ತಾಕದಂತೆ, ಗಾಳಿಯಾಡುವ ಕಡೆ ಥರ್ಮಾಮೀಟರ್ ಕಟ್ಟಿ. ಮಧ್ಯಾಹ್ನ 3ಕ್ಕೆ ಒಮ್ಮೆ, ಸೂರ್ಯ ಹುಟ್ಟುವ ಮುಂಚೆ ಒಮ್ಮೆ ಓದಿ. ಎರಡನೇ ಓದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ರಾತ್ರಿಯಿಡೀ ತಣಿಯದ ಮನೆಯಲ್ಲಿ ದೇಹಕ್ಕೆ ಚೇತರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಗಡಿನ ಮನೆಗಳ ಒಳಗೂ ಎರಡು ಥರ್ಮಾಮೀಟರ್ ಇರಲಿ. ಥರ್ಮಾಮೀಟರ್‌ಗಳನ್ನು ಕಟ್ಟುವ ಮೊದಲು ಒಂದೇ ಜಾಗದಲ್ಲಿ ಒಂದು ಗಂಟೆ ಇಟ್ಟು, ಎಲ್ಲವೂ ಒಂದೇ ಅಂಕಿ ತೋರಿಸುತ್ತವೆಯೇ ನೋಡಿಕೊಳ್ಳಿ.

ಸಭೆ

ಊರಸಭೆ ಒಂದೇ ಮಾಡಿದರೆ ಸಾಲದು. ಬಡಾವಣೆಗೊಂದರಂತೆ ಸಣ್ಣ ಸಭೆಗಳು, ಅವುಗಳಲ್ಲೂ ಒಂದು ಹಗಲು, ಒಂದು ಸಂಜೆ. ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಇಬ್ಬರು ಇರಲಿ. ಇದೊಂದು ಏರ್ಪಾಟಿನಿಂದ ತಾಯಂದಿರು ಕೊನೆಯವರೆಗೆ ಕೂರುತ್ತಾರೆ. ಎಂಟೆಂಟು ಜನರ ಗುಂಪು, ಗುಂಪಿಗೊಬ್ಬ ಬರೆಯುವವರು, ಒಟ್ಟು ಒಂದೂವರೆ ಗಂಟೆ. ಅಧಿಕಾರಿಗಳು, ಮುಖಂಡರು ಕೊನೆಯಲ್ಲಿ ಮಾತಾಡಬೇಕೆಂಬ ನಿಯಮವನ್ನು ಮೊದಲೇ ತಿಳಿಸಿ. ಅವರು ಆರಂಭದಲ್ಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಅದನ್ನೇ ಅನುಮೋದಿಸುತ್ತಾರೆ ಅಥವಾ ಸುಮ್ಮನಾಗುತ್ತಾರೆ.

ಪಂಪ್, ಕಸ, ನೆರೆ, ಬಿಸಿಲಿನ ಅಂಕಿಗಳನ್ನು ಗೋಡೆಗೆ ದೊಡ್ಡದಾಗಿ ಅಂಟಿಸಿ. ಟನ್ ಲೆಕ್ಕದ ಜೊತೆಗೆ ಅದೇ ನಷ್ಟವನ್ನು ಬಿಲ್ಲಿನ ಹಣದಲ್ಲೂ ಬರೆಯಿರಿ. ಬಂದ ಸಲಹೆಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಪ್ಪತ್ತಕ್ಕೆ ಇಳಿಸಿ, ಪ್ರತಿಯೊಬ್ಬರಿಗೂ ಐದು ಚುಕ್ಕೆ ಕೊಟ್ಟು ಮತ ಕೇಳಿ. ಗಂಡಸರಿಗೆ ಒಂದು ಬಣ್ಣ, ಹೆಂಗಸರಿಗೆ ಇನ್ನೊಂದು ಬಣ್ಣ ಕೊಟ್ಟರೆ ಯಾರಿಗೆ ಯಾವುದು ಮುಖ್ಯ ಎಂದು ಕಣ್ಣಿಗೇ ಕಾಣುತ್ತದೆ. ಒಬ್ಬರು ಹಾಕಿದ್ದನ್ನು ನೋಡಿ ಇನ್ನೊಬ್ಬರು ಹಾಕದಂತೆ ಚುಕ್ಕೆಗಳ ಬದಲು ಡಬ್ಬಿಗಳಲ್ಲಿ ಕಾಳು ಹಾಕಿಸಿದರೆ ಇನ್ನೂ ಮೇಲು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಜನರೇ ಬಡಾವಣೆ ಸಭೆಗಳಲ್ಲಿ ಬಜೆಟ್ಟಿನ ಆದ್ಯತೆ ಆರಿಸುವ ಪದ್ಧತಿ ಬೆಳೆಯಿತು. ಅಲ್ಲಿಂದ ಕಲಿಯಬೇಕಾದ ಮುಖ್ಯ ವಿಷಯ, ಆಯ್ಕೆಗೆ ನಿಜವಾದ ದುಡ್ಡು ಅಂಟಿಕೊಂಡಿರಬೇಕು. ಮೊದಲ ವರ್ಷ ಸಣ್ಣ ಮೊತ್ತವಾದರೂ ಸರಿ, ಸಭೆ ಆರಿಸಿದ ಒಂದು ಕೆಲಸಕ್ಕೆ ಅದೇ ವರ್ಷ ಹಣ ಬಿಡುಗಡೆ ಆಗಲಿ.

ಕೆಲಸಗಳು, ಮತ್ತು ಅವು ಕೆಡುವ ಬಗೆ

ಹಸಿ ಕಸದಿಂದ ಗೊಬ್ಬರ ಮಾಡುವ ಅಂಗಳ ಹೆಚ್ಚಿನ ಯೋಜನೆಗಳಲ್ಲಿ ಇರುತ್ತದೆ, ಹೆಚ್ಚಿನ ಕಡೆ ಆರು ತಿಂಗಳಲ್ಲಿ ನಾತಕ್ಕೆ ಹೆದರಿ ಮುಚ್ಚುತ್ತದೆ. ನಾತಕ್ಕೆ ಕಾರಣ ಒಣ ಪದಾರ್ಥದ ಕೊರತೆ. ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇರಬೇಕು, ತೇವ 50ರಿಂದ 60 ಪ್ರತಿಶತ. ಹಿಡಿ ತುಂಬ ತೆಗೆದು ಗಟ್ಟಿಯಾಗಿ ಹಿಂಡಿ: ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ನೀರು ಹೆಚ್ಚು, ಮುದ್ದೆ ಉದುರಿದರೆ ಕಡಿಮೆ. ರಾಶಿ ಒಂದೂವರೆ ಮೀಟರ್ ಎತ್ತರ, ಎರಡು ಮೀಟರ್ ಅಗಲ. ಮೂರು ನಾಲ್ಕು ದಿನದಲ್ಲಿ ಒಳಗಿನ ಬಿಸಿ 55 ಡಿಗ್ರಿ ದಾಟಬೇಕು. ರೋಗಾಣು ಸಾಯಲು ಸಾಲು ರಾಶಿಯಲ್ಲಿ ಹದಿನೈದು ದಿನ ಆ ಬಿಸಿ ಇರಬೇಕು, ಅಷ್ಟರಲ್ಲಿ ಐದು ಸಲ ಮಗುಚಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಆಡುತ್ತಿಲ್ಲ, ಮಗುಚಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಒಣ ಎಲೆ ಸೇರಿಸಿ. ಎಲೆ ಉದುರುವ ಕಾಲದಲ್ಲಿ ಆರು ತಿಂಗಳಿಗಾಗುವಷ್ಟು ತರಗೆಲೆ ಕೂಡಿಡಲು ಚಾವಣಿ ಕಟ್ಟಿಕೊಂಡ ಮೇಲೆಯೇ ಹಸಿ ಕಸ ತೆಗೆದುಕೊಳ್ಳಲು ಆರಂಭಿಸಿ.

ಬಿಸಿಲಿನ ತಗಡು ಮತ್ತು ಕಾಂಕ್ರೀಟ್ ಚಾವಣಿಗಳಿಗೆ ಬಿಳಿ ಪ್ರತಿಫಲನ ಬಣ್ಣ ಬಳಿದರೆ ಒಳಗಿನ ಬಿಸಿ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ. ದೂಳು ಕೂತಂತೆ ಗುಣ ಕಡಿಮೆಯಾಗುತ್ತದೆ, ಆದ್ದರಿಂದ ಬೇಸಿಗೆಗೆ ಮುಂಚೆ ತೊಳೆಯುವ, ಮತ್ತೆ ಬಳಿಯುವ ಹೊಣೆ ಯಾರದೆಂದು ಬರೆಯಿರಿ. ಇದರ ಜೊತೆಗೆ ಎಚ್ಚರಿಕೆಯ ಏರ್ಪಾಡು ಬೇಕು. 2010ರ ಭಾರೀ ಬಿಸಿಗಾಳಿಯ ನಂತರ ಅಹಮದಾಬಾದ್ 2013ರಲ್ಲಿ ಬಿಸಿಗಾಳಿ ಯೋಜನೆ ತಂದಿತು. ಮುನ್ನೆಚ್ಚರಿಕೆ, ಆರೋಗ್ಯ ಸಿಬ್ಬಂದಿಗೆ ತರಬೇತಿ, ಜನರಿಗೆ ತಿಳಿವಳಿಕೆ ಅದರ ತಿರುಳು. ಇವು ಸಣ್ಣ ಊರಿಗೂ ನಿಲುಕುತ್ತವೆ. ಒಂಟಿಯಾಗಿರುವ ವೃದ್ಧರ ಪಟ್ಟಿ ಮಾಡಿ, ಒಬ್ಬ ಸ್ವಯಂಸೇವಕರಿಗೆ ಹತ್ತು ಮನೆ ವಹಿಸಿ. ಎಚ್ಚರಿಕೆ ಬಂದ ದಿನ ಎರಡು ಸಲ ಬಾಗಿಲು ತಟ್ಟಬೇಕು. ಫೋನ್ ಸಂದೇಶವನ್ನಷ್ಟೇ ನಂಬಿದರೆ ಹೆಚ್ಚು ಅಪಾಯದಲ್ಲಿರುವವರಿಗೇ ಅದು ತಲುಪುವುದಿಲ್ಲ.

ಸಸಿಗಳ ಬಗ್ಗೆ ಒಂದೇ ಮಾತು: ನೆಟ್ಟ ಸಂಖ್ಯೆಯನ್ನು ಬರೆಯಲೇಬೇಡಿ, ಮೂರನೇ ಬೇಸಿಗೆ ದಾಟಿ ಉಳಿದ ಸಂಖ್ಯೆಯನ್ನು ಬರೆಯಿರಿ. 60 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ, ಒಣಗಾಲದಲ್ಲಿ ವಾರಕ್ಕೆರಡು ಸಲ 15–20 ಲೀಟರ್ ನೀರು, ದನಕ್ಕೆ ಸಿಗದ ಬೇಲಿ. ಮೂರು ವರ್ಷದ ನೀರಿನ ಖರ್ಚಿಲ್ಲದೆ ಸಸಿ ತರಬೇಡಿ. ವಿದ್ಯುತ್ ತಂತಿಯ ಕೆಳಗೆ ಎತ್ತರ ಬೆಳೆಯದ ಜಾತಿಯನ್ನೇ ಹಾಕಿ.

ಸೌರಶಕ್ತಿಗೆ ಒಂದು ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಚಾವಣಿ ಬೇಕು. ಫಲಕ 25 ವರ್ಷ ಬಾಳಿದರೂ ಇನ್ವರ್ಟರ್ ಹತ್ತು ಹನ್ನೆರಡು ವರ್ಷಕ್ಕೇ ಬದಲಾಗಬೇಕು, ಆ ಹಣವನ್ನು ಮೊದಲ ವರ್ಷದಿಂದ ಎತ್ತಿಡಿ. ಯಾರ ಒಡೆತನ ಎಂಬುದು ತಾಂತ್ರಿಕ ವಿವರಗಳಷ್ಟೇ ಮುಖ್ಯ. ಸುಮಾರು 4,000 ಜನರ ಡೆನ್ಮಾರ್ಕ್‌ನ ಸಾಮ್ಸೋ ದ್ವೀಪ 1997ರಲ್ಲಿ ಸರ್ಕಾರದ ಸ್ಪರ್ಧೆ ಗೆದ್ದು, ಹತ್ತು ವರ್ಷದೊಳಗೆ ನೆಲದ ಮೇಲೆ 11, ಸಮುದ್ರದಲ್ಲಿ 10 ಗಾಳಿಯಂತ್ರ ನಿಲ್ಲಿಸಿತು. ರೈತರೂ ಸಹಕಾರಿ ಸದಸ್ಯರೂ ಸ್ಥಳೀಯ ಆಡಳಿತವೂ ಅವುಗಳ ಒಡೆಯರು. ಪಾಲು ಇರುವವರು ಯಂತ್ರ ನಿಂತರೆ ತಾವೇ ಹೋಗಿ ನೋಡುತ್ತಾರೆ.

ಹಾಳೆ, ಹಣ, ಗುರಿ

ಪ್ರತಿ ಕೆಲಸಕ್ಕೂ ಒಂದೇ ಹಾಳೆ. ಏನು, ಎಲ್ಲಿ, ಹೊಣೆ ಹೊತ್ತವರ ಹೆಸರು ಮತ್ತು ಅವರ ಬದಲಿ, ಆರಂಭ ಮತ್ತು ಮುಕ್ತಾಯದ ತಿಂಗಳು, ಕಟ್ಟುವ ಖರ್ಚು, ವರ್ಷವರ್ಷದ ನಿರ್ವಹಣಾ ಖರ್ಚು, ಬೇಕಾದ ಅನುಮತಿ, ಇಂದಿನ ಅಂಕಿ, ಬರಬೇಕಾದ ಅಂಕಿ, ಅದನ್ನು ಅಳೆಯುವವರು. ‘ಸಂಬಂಧಪಟ್ಟ ಇಲಾಖೆ’ ಎಂದು ಬರೆದ ಹಾಳೆಯನ್ನು ಹಿಂತಿರುಗಿಸಿ, ವ್ಯಕ್ತಿಯ ಹೆಸರು ಬೇಕು. ಮೊದಲ ಎರಡು ವರ್ಷಕ್ಕೆ ಹನ್ನೆರಡು ಹಾಳೆಗಿಂತ ಹೆಚ್ಚು ಬೇಡ.

ಹಣದಲ್ಲಿ ಎರಡು ಬುಟ್ಟಿ ಮಾಡಿ. ಪಂಪ್, ದೀಪದಂಥ ಕೆಲಸಗಳು ಖರ್ಚನ್ನು ತಾವೇ ಹಿಂದಿರುಗಿಸುತ್ತವೆ. ಹಾಕಿದ ಹಣವನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಎಂದು ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಉಳಿತಾಯವಾದ ಹಣದ ಅರ್ಧವಾದರೂ ಪ್ರತ್ಯೇಕ ಖಾತೆಗೆ ಹೋಗಬೇಕೆಂದು ಕೆಲಸ ಆರಂಭವಾಗುವ ಮೊದಲೇ ಠರಾವು ಮಾಡಿಸಿ, ಇಲ್ಲವಾದರೆ ಉಳಿತಾಯ ಸಾಮಾನ್ಯ ಖಾತೆಯಲ್ಲಿ ಕರಗಿಹೋಗುತ್ತದೆ. ಮೋರಿ, ನೆರಳು, ಬಿಸಿಲಿನ ಎಚ್ಚರಿಕೆ ಎರಡನೇ ಬುಟ್ಟಿ. ಇವನ್ನು ಎಷ್ಟು ವರ್ಷಕ್ಕೆ ಹಣ ವಾಪಸ್ ಎಂದು ಅಳೆಯಬಾರದು. ಹಾಗೆ ಅಳೆದರೆ ಜೀವ ಉಳಿಸುವ ಕೆಲಸವೆಲ್ಲ ಪಟ್ಟಿಯ ತಳಕ್ಕೆ ಹೋಗುತ್ತದೆ.

ಗುರಿಯನ್ನು ಕೊನೆಯಲ್ಲಿ ಬರೆಯಿರಿ. ಹಾಳೆಗಳಲ್ಲಿನ ಇಳಿಕೆಗಳನ್ನು ಕೂಡಿ, ಬಂದ ಮೊತ್ತವನ್ನು ಜಾಗತಿಕ ಅಗತ್ಯದ ಪಕ್ಕದಲ್ಲಿಡಿ: ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಲು ಜಗತ್ತಿನ ಇಂಗಾಲದ ಡೈಆಕ್ಸೈಡ್ 2010ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಸುಮಾರು 45 ಪ್ರತಿಶತ ಇಳಿಯಬೇಕೆಂದು ಹವಾಮಾನದ ಅಂತರಸರ್ಕಾರಿ ಸಮಿತಿ 2018ರಲ್ಲಿ ಹೇಳಿತು. ನಿಮ್ಮ ಮೊತ್ತ ಅದಕ್ಕಿಂತ ಬಹಳ ಕಡಿಮೆ ಬಂದರೆ ಅಂತರವನ್ನು ಹಾಗೆಯೇ ಪ್ರಕಟಿಸಿ. ಅಂತರ ಗೊತ್ತಿದ್ದರೆ ಮುಂದಿನ ವರ್ಷ ಯಾವ ಹಾಳೆ ಸೇರಿಸಬೇಕೆಂದು ಹುಡುಕಬಹುದು.

ಕರಡನ್ನು ಮೂವತ್ತು ದಿನ ಜನ ಓಡಾಡುವ ಜಾಗದಲ್ಲಿ ತೂಗುಹಾಕಿ, ಬಂದ ಪ್ರತಿ ಆಕ್ಷೇಪಕ್ಕೂ ಒಂದು ಸಾಲಿನ ಉತ್ತರ ಬರೆಯಿರಿ. ಅನುಮೋದನೆಯ ನಂತರ ಮೂರು ತಿಂಗಳಿಗೊಮ್ಮೆ ಸೂಚನಾ ಫಲಕದ ಮೇಲೆ ಹತ್ತು ಅಂಕಿ ಬರೆಯಬೇಕು: ಎತ್ತಿದ ಪ್ರತಿ ಘನ ಮೀಟರ್ ನೀರಿಗೆ ಎಷ್ಟು ಯೂನಿಟ್, ರಾತ್ರಿ ಸೋರಿಕೆ, ಬೇರ್ಪಟ್ಟು ಬಂದ ಹಸಿ ಕಸ, ಬದುಕಿರುವ ಸಸಿಗಳು, ನೀರು ನಿಂತ ಜಾಗಗಳು, ಹೀಗೆ. ಕೆಟ್ಟ ಅಂಕಿ ಬಂದ ತಿಂಗಳಲ್ಲೂ ಫಲಕ ಖಾಲಿ ಬಿಡಬೇಡಿ.

ರಿಜಿಸ್ಟರ್‌ನ ಎರಡು ಪ್ರತಿ ಇರಲಿ, ಒಂದು ಕಚೇರಿಯಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ. ಮೊದಲ ಪುಟದಲ್ಲಿ ಗುಣಕಗಳು, ಪಂಪ್‌ನ ಸೂತ್ರ, ತೊಟ್ಟಿಯ ಅಳತೆ, ಥರ್ಮಾಮೀಟರ್ ಕಟ್ಟಿದ ಹತ್ತು ಜಾಗಗಳ ಪಟ್ಟಿ. ಸಿಬ್ಬಂದಿ ವರ್ಗವಾದಾಗ ಹೊಸಬರು ಬಂದ ಮೊದಲ ವಾರದಲ್ಲೇ ಅವರನ್ನು ಪಂಪ್‌ಹೌಸ್‌ಗೆ ಕರೆದೊಯ್ದು, ಆ ಒಂದು ಗಂಟೆಯ ಪರೀಕ್ಷೆಯನ್ನು ಅವರ ಕೈಯಲ್ಲೇ ಮಾಡಿಸಿ, ಅಂಕಿಯನ್ನು ಅವರೇ ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಲಿ.